ಓಕ್ ಕಾಯಿಯ ಅಂಬಲಿ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಲ್ಲಿ, ಪೈನ್ ಗ್ರೋವ್ ಎಂಬ ಊರಿನ ಹತ್ತಿರ, ನೆಲದ ಮಟ್ಟಕ್ಕೇ ಹಾಸಿಕೊಂಡ ದೊಡ್ಡ ಬಂಡೆಯೊಂದಿದೆ. ಅದರ ಮೈತುಂಬ ಕುಳಿಗಳು, ಒಟ್ಟು 1,185. ಒಂದೊಂದೂ ಒಂದೊಂದು ಒರಳು. ಮೀವಾಕ್ ಬುಡಕಟ್ಟಿನ ಹೆಂಗಸರು ತಲೆಮಾರುಗಳ ಕಾಲ ಇಲ್ಲಿ ಕೂತು ಓಕ್ ಮರದ ಕಾಯಿ ಕುಟ್ಟಿ ಕುಟ್ಟಿ ಬಿದ್ದ ಕುಳಿಗಳಿವು. ಉತ್ತು ಬಿತ್ತುವ ರೂಢಿಯಿಲ್ಲದ ಈ ಜನರ ಹೊಟ್ಟೆಗೆ ಆಧಾರವಾಗಿದ್ದುದು ಆ ಕಾಯಿಯೇ.

ಕಾಯಿ ಉದುರುವುದು ಸೆಪ್ಟೆಂಬರ್ ಹೊತ್ತಿಗೆ. ಮೊದಲು ಬೀಳುವವು ಬಹುಪಾಲು ಹುಳುಕು. ಸಣ್ಣ ತೂತು ಕಂಡರೆ, ಕೈಗೆ ತೀರ ಹಗುರ ಎನಿಸಿದರೆ ಆಯುವವರು ಅದನ್ನು ಅಲ್ಲೇ ಬಿಡುತ್ತಾರೆ. ರುಚಿಗೆ ಕಪ್ಪು ಓಕ್ ಮೇಲು. ಮರ ಪ್ರತಿವರ್ಷ ಒಂದೇ ಸಮ ಫಲ ಕೊಡುವುದಿಲ್ಲವಾದ್ದರಿಂದ, ಕಂಬಗಳ ಮೇಲೆ ಕಣಜ ಕಟ್ಟಿ, ಸೀಡರ್ ತೊಗಟೆ ಹೊದಿಸಿ ಕೂಡಿಡುತ್ತಿದ್ದರು.

ಅಸಲಿ ಕಸುಬು ಇರುವುದು ಒಗರು ತೆಗೆಯುವುದರಲ್ಲಿ. ಟ್ಯಾನಿನ್ ತುಂಬಿದ ಹಸಿ ತಿರುಳನ್ನು ಬಾಯಿಗಿಟ್ಟರೆ ನಾಲಿಗೆ ಎಳೆ ಅಡಿಕೆ ಜಗಿದಂತೆ ಹಿಡಿದುಕೊಳ್ಳುತ್ತದೆ. ಒಣಗಿದ ಕಾಯಿ ಒಡೆದು, ಒಳಸಿಪ್ಪೆಯನ್ನು ಚಪ್ಪಟೆ ಬುಟ್ಟಿಯಲ್ಲಿ ಕೇರಿ, ತಿರುಳನ್ನು ನುಣ್ಣಗೆ ಕುಟ್ಟಬೇಕು. ತರಿ ಉಳಿದರೆ ನೀರು ಒಳಗಿಳಿಯದು. ಹೊಳೆಯ ಬದಿ ಮರಳಿನಲ್ಲಿ ಅಗಲದ ಗುಂಡಿ ಮಾಡಿ, ಹಿಟ್ಟನ್ನು ತೆಳ್ಳಗೆ ಹರಡಿ, ಮೇಲಿನಿಂದ ಮತ್ತೆ ಮತ್ತೆ ನೀರು ಹೊಯ್ಯುತ್ತಾರೆ. ರಭಸಕ್ಕೆ ಹಿಟ್ಟು ಕದಡಬಾರದೆಂದು ನಡುವೆ ಸೀಡರ್ ಸೊಪ್ಪು ಹಿಡಿಯುವುದುಂಟು. ಒಗರು ಹೋಯಿತೋ ಇಲ್ಲವೋ ಹೇಳುವುದು ನಾಲಿಗೆಯೇ. ಬಳಿಕ ನೀರು ಸೋರದಷ್ಟು ಬಿಗಿಯಾಗಿ ಹೆಣೆದ ಬುಟ್ಟಿಗೆ ಹಿಟ್ಟು, ನೀರು ಹಾಕಿ, ಅದಕ್ಕೆ ಕಾದ ಕಲ್ಲುಗಳನ್ನು ಇಳಿಬಿಟ್ಟು, ಬುಟ್ಟಿ ಸುಡದಂತೆ ತಿರುವುತ್ತಲೇ ಇರಬೇಕು. ಕೊತಕೊತ ಕುದಿದು ಅಂಬಲಿ ಗಟ್ಟಿಯಾಗುತ್ತದೆ. ಉಪ್ಪು ಹಾಕುವ ವಾಡಿಕೆ ಇಲ್ಲ. ನಮ್ಮ ನಾಲಿಗೆ ಉಪ್ಪಿನಕಾಯಿ ಕೇಳೀತು!

ಇದನ್ನು ಸುಮ್ಮನೆ ಕಾಡಿನ ಆಹಾರ ಎಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಆ ಮರಗಳ ಕೆಳಗೆ ಇವರು ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದರಿಂದ ಪೊದೆ ತೆರವಾಗುತ್ತಿತ್ತು, ಬಿದ್ದ ಕಾಯಿಯ ಹುಳು ಸಾಯುತ್ತಿತ್ತು, ಪೈನ್ ಸಸಿಗಳು ಎದ್ದು ಓಕ್‌ಗೆ ನೆರಳು ಕಟ್ಟುತ್ತಿರಲಿಲ್ಲ. 1850ರ ಕ್ಯಾಲಿಫೋರ್ನಿಯಾ ಕಾಯಿದೆ ಹುಲ್ಲುಗಾವಲಿಗೆ ಬೆಂಕಿ ಹಾಕುವುದನ್ನೇ ಅಪರಾಧ ಮಾಡಿತು. ಮರುವರ್ಷ ಸಶಸ್ತ್ರ ದಳ ಅದೇ ಬೆಟ್ಟಸಾಲಿನ ಯೊಸೆಮಿಟಿ ಕಣಿವೆಗೆ ನುಗ್ಗಿ ಅಲ್ಲಿನ ಹಳ್ಳಿಗಳನ್ನೂ ಕೂಡಿಟ್ಟ ಕಾಯಿಗಳನ್ನೂ ಸುಟ್ಟಿತು. ಮರಗಳ ಕೆಳಗೆ ಬೆಂಕಿ ಹಾಕುವುದು ನಿಂತ ಮೇಲೆ ಕಣಿವೆಯ ಎಷ್ಟೋ ಓಕ್‌ಗಳನ್ನು ಪೈನ್, ಸೀಡರ್‌ಗಳು ಮುಚ್ಚಿದವು.

ಆದರೂ ಕೈಯ ವಿದ್ಯೆ ಉಳಿಯಿತು. ಯೊಸೆಮಿಟಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಜೂಲಿಯಾ ಪಾರ್ಕರ್ ಈ ಅಡುಗೆಯನ್ನು ದಶಕಗಳ ಕಾಲ ಪ್ರವಾಸಿಗರಿಗೆ ಮಾಡಿ ತೋರಿಸಿದರು. ಒರಳುಬಂಡೆ ಈಗ ಸರ್ಕಾರಿ ಉದ್ಯಾನ. ಕಾಯಿಯ ಸುಗ್ಗಿಗೆ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೀವಾಕರ ಕೂಟ ಸೇರುತ್ತದೆ. ಬೇ ಏರಿಯಾದ ಕನ್ನಡಿಗರಿಗೆ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ದೂರ.