ಉಪಾಧಿವಿಚಾರವೂ ಗಣಕಯಂತ್ರದ ಸಂದೇಶರಕ್ಷಣೆಯೂ

ಯಾದಗಿರಿಯ ಸಮೀಪದಲ್ಲಿರುವ ಯರಗೋಳದ ಗುಹೆಯಲ್ಲಿ ಶ್ರೀ ಜಯತೀರ್ಥರು ಗ್ರಂಥರಚನೆ ಮಾಡಿದರೆಂಬುದು ಪರಂಪರಾಗತವಾದ ಐತಿಹ್ಯ. 14ನೆಯ ಶತಮಾನದ ಆ ಮಹನೀಯರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರಕ್ಕೂ ನಿರ್ದೋಷತ್ವವೇ ಜೀವಾಳವೆಂದು ಪ್ರತಿಪಾದಿಸಿರುವರು. ಅನುಮಾನದ ದೋಷವನ್ನು ಕುರಿತ ಶಾಸ್ತ್ರಚರ್ಚೆಯು, ಗಣಕಯಂತ್ರಗಳ ಸಂದೇಶರಕ್ಷಣೆಯನ್ನು ತರ್ಕದಿಂದ ಪರೀಕ್ಷಿಸುವ ಇಂದಿನ ಸಂಶೋಧನ ವಿದ್ಯಾರ್ಥಿಗಳಿಗೂ ಹೇಗೆ ಪ್ರಕೃತವಾಗುವುದೆಂಬುದನ್ನು ಇಲ್ಲಿ ಸೋದಾಹರಣವಾಗಿ ನಿರೂಪಿಸಲಾಗುವುದು.

‘ಬೆಂಕಿಯಿರುವುದರಿಂದ ಹೊಗೆಯಿದೆ’ ಎಂಬ ಅನುಮಾನವು ದುಷ್ಟವೆಂದು ತಾರ್ಕಿಕರು ಹೇಳುವರು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಬಂಧವೂ ಬೇಕು. ಹೀಗೆ ಬಾಯಿಬಿಟ್ಟು ಹೇಳದೆ ಉಳಿದ ನಿಯಮಕ್ಕೆ ಉಪಾಧಿಯೆಂದು ಹೆಸರು.

1978ರಲ್ಲಿ ನೀಡಂ ಮತ್ತು ಶ್ರೋಡರ್ ಎಂಬ ವಿದ್ವಾಂಸರು ಒಂದು ಸಂದೇಶವಿಧಿಯನ್ನು ಪ್ರಕಟಿಸಿದರು. ಇದರಲ್ಲಿ ಪ್ರತಿಯೊಬ್ಬನಿಗೂ ಎರಡು ಕೀಲಿಗಳುಂಟು: ಬೀಗ ಹಾಕುವ ಕೀಲಿಯು ಎಲ್ಲರಿಗೂ ತಿಳಿದದ್ದು, ತೆರೆಯುವ ಕೀಲಿಯು ಒಡೆಯನೊಬ್ಬನದೇ. ದೇವದತ್ತನು ತನ್ನ ಹೆಸರನ್ನೂ ಒಂದು ರಹಸ್ಯಸಂಖ್ಯೆಯನ್ನೂ ಯಜ್ಞದತ್ತನ ಬೀಗದಲ್ಲಿಟ್ಟು ಕಳುಹುವನು. ಯಜ್ಞದತ್ತನು ಅದರೊಡನೆ ತನ್ನದೊಂದು ಹೊಸ ಸಂಖ್ಯೆಯನ್ನು ಸೇರಿಸಿ, ದೇವದತ್ತನ ಬೀಗದಲ್ಲಿಟ್ಟು ಕಳುಹುವನು. ದೇವದತ್ತನು ಆ ಹೊಸ ಸಂಖ್ಯೆಯನ್ನು ಯಜ್ಞದತ್ತನ ಬೀಗದಲ್ಲಿ ಹಿಂದಿರುಗಿಸುವನು. ಆಗ ಯಜ್ಞದತ್ತನ ಅನುಮಾನವಿದು: ‘ನನ್ನ ಸಂಖ್ಯೆಯು ಮರಳಿತು. ಅದನ್ನು ತೆರೆಯಬಲ್ಲವನು ದೇವದತ್ತನೊಬ್ಬನೇ. ಆದಕಾರಣ ಅವನು ನನ್ನೊಡನೆ ಸಂಭಾಷಿಸುತ್ತಿದ್ದಾನೆ.’

1989ರಲ್ಲಿ ಬರೋಸ್, ಅಬಾದಿ, ನೀಡಂ ಎಂಬ ಮೂವರು ಇಂತಹ ವಿಧಿಗಳ ಪರೀಕ್ಷೆಗಾಗಿ ನಂಬಿಕೆಯ ತರ್ಕವೊಂದನ್ನು ರಚಿಸಿದರು. ಯಾರು ಯಾವುದನ್ನು ಕಂಡರು, ಯಾರು ನುಡಿದರು, ಸಂದೇಶವು ಹೊಸತೆ ಹಳತೆ ಎಂಬುವೇ ಅದರ ಪದಾರ್ಥಗಳು. ಮೇಲ್ಕಂಡ ಸಂಖ್ಯಾವಿನಿಮಯವು ಆ ತರ್ಕದಲ್ಲಿ ಸಾಧುವಾಗಿಯೇ ತೋರಿತು.

ಆದರೆ 1995ರಲ್ಲಿ ಗೇವಿನ್ ಲೋ ಎಂಬವರು ಅದರಲ್ಲಿ ಛಿದ್ರವನ್ನು ಕಂಡರು. ದೇವದತ್ತನು ವಿಷ್ಣುಮಿತ್ರನೆಂಬ ವಂಚಕನೊಡನೆ ವ್ಯವಹಾರವನ್ನು ತೊಡಗಿದನೆನ್ನೋಣ. ವಿಷ್ಣುಮಿತ್ರನು ಆ ಸಂದೇಶವನ್ನು ತೆರೆದು, ಯಜ್ಞದತ್ತನ ಬೀಗ ಹಾಕಿ ಅವನಿಗೆ ಕಳುಹುವನು. ಯಜ್ಞದತ್ತನ ಉತ್ತರವನ್ನು ತಾನು ತೆರೆಯಲಾರದೆ ದೇವದತ್ತನಿಗೇ ಒಪ್ಪಿಸುವನು. ದೇವದತ್ತನು ಅದನ್ನು ತೆರೆದು, ಒಳಗಿನ ಸಂಖ್ಯೆಯನ್ನು ವಿಷ್ಣುಮಿತ್ರನಿಗೇ ಕಳುಹುವನು. ವಿಷ್ಣುಮಿತ್ರನು ಅದನ್ನು ಯಜ್ಞದತ್ತನಿಗೆ ಮುಟ್ಟಿಸಿ ದೇವದತ್ತನೆನಿಸಿಕೊಳ್ಳುವನು. ಬೀಗವೊಂದೂ ಮುರಿಯಲಿಲ್ಲ, ಆದರೂ ಮೋಸವು ಸಿದ್ಧವಾಯಿತು.

ಇಲ್ಲಿನ ಉಪಾಧಿಯೆಂದರೆ ಭಾಗಿಗಳೆಲ್ಲರೂ ಪ್ರಾಮಾಣಿಕರಾಗಿರುವುದು. ವಂಚಕನಾದ ಭಾಗಿಯನ್ನು ತಮ್ಮ ತರ್ಕವು ಗಣಿಸದೆಂದು ಆ ಮೂವರೂ ಮೊದಲೇ ತಿಳಿಸಿದ್ದರು. ಆದುದರಿಂದ ತರ್ಕವು ಸುಳ್ಳಾಗಲಿಲ್ಲ, ಅದರ ಎಲ್ಲೆಯನ್ನು ಓದುಗರು ಮರೆತಿದ್ದರು. ಲೋ ಅವರು ಸೂಚಿಸಿದ ಪರಿಹಾರವು ಅತ್ಯಲ್ಪ: ಎರಡನೆಯ ಸಂದೇಶದಲ್ಲಿ ಯಜ್ಞದತ್ತನು ತನ್ನ ಹೆಸರನ್ನೂ ಸೇರಿಸತಕ್ಕದ್ದು. ಆಗ ದೇವದತ್ತನಿಗೆ ಉತ್ತರವು ಬೇರೊಬ್ಬನದೆಂದು ತಿಳಿದು, ಅವನು ಅಲ್ಲಿಯೇ ನಿಲ್ಲುವನು.

ಇದು ಪಂಡಿತರ ವಿನೋದವಲ್ಲ. ಶಹಾಪುರದ ಅಂಗಡಿಯವನಾಗಲಿ ಸುರಪುರದ ರೈತನಾಗಲಿ ದೂರವಾಣಿಗೆ ಬಂದ ಓಟಿಪಿಯನ್ನು ತಿರುಗಿ ಒಪ್ಪಿಸಿದಾಗ, ‘ಸಂಖ್ಯೆಯು ಮರಳಿತು, ಆದುದರಿಂದ ಖಾತೆಯ ಒಡೆಯನೇ ಇವನು’ ಎಂದು ಬ್ಯಾಂಕಿನ ಯಂತ್ರವು ಊಹಿಸುವುದು. ಒಡೆಯನು ಅದನ್ನು ಮತ್ತೊಬ್ಬನಿಗೆ ಹೇಳಿಲ್ಲವೆಂಬುದೇ ಇಲ್ಲಿಯ ಉಪಾಧಿ. ಕರೆಮಾಡಿ ಸಂಖ್ಯೆಯನ್ನು ಕೇಳುವ ಕಪಟಿಯು ವಿಷ್ಣುಮಿತ್ರನೇ ಸರಿ. ಹೇತುವು ಎಷ್ಟು ಬಲವಾಗಿ ಕಂಡರೂ ಉಪಾಧಿಯನ್ನು ಹುಡುಕದೆ ಸಾಧ್ಯವನ್ನು ಒಪ್ಪಬಾರದೆಂಬ ಶಾಸ್ತ್ರಮರ್ಯಾದೆಯು ಯಂತ್ರಗಳಿಗೂ ಅನ್ವಯಿಸುವುದು.