ಚಾಪ್ಲಿನ್ ಮನೆಗೆ ಬ್ಯಾಟರಿ ಸೈಕಲ್ ಸವಾರಿ!

ನಗಬೇಡಿ. ಅರವತ್ತಮೂರನೆಯ ವಯಸ್ಸಿನಲ್ಲಿ, ಸವೆದುಹೋದ ಎಡ ಮಂಡಿಯನ್ನು ಕಟ್ಟಿಕೊಂಡು, ನಾನು ಸೈಕಲ್ ತುಳಿದು ಚಾರ್ಲಿ ಚಾಪ್ಲಿನ್ ಮನೆಗೆ ಹೋಗಿಬಂದೆ. ಒಬ್ಬನೇ ಅಲ್ಲ, ಧರ್ಮಪತ್ನಿ ಸಮೇತ. ಸಮೇತ ಅಂದರೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಎಂದು ತಿಳಿಯಬೇಡಿ. ಆಕೆಗೂ ಒಂದು ಸೈಕಲ್ಲು. ನಿಜ ಹೇಳಬೇಕೆಂದರೆ ಮೂರು ದಿನವೂ ನಾನು ಸ್ವಿಟ್ಜರ್ಲೆಂಡ್ ನೋಡಿದ್ದಕ್ಕಿಂತ ಆಕೆಯ ಬೆನ್ನು ನೋಡಿದ್ದೇ ಹೆಚ್ಚು!

ಸ್ವಿಟ್ಜರ್ಲೆಂಡ್ ಎಂದ ಕೂಡಲೇ, ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ಈ ಪುಟ ತಿರುವುತ್ತಿರುವ ತಮ್ಮ ಕಣ್ಣ ಮುಂದೆ ಏನು ಬರುತ್ತದೆಂದು ನನಗೆ ಗೊತ್ತು. ಹಿಮದ ಬೆಟ್ಟ, ಶಿಫಾನ್ ಸೀರೆ, ಚಳಿಯಲ್ಲಿ ನಡುಗುತ್ತಲೇ ನಗುವ ನಾಯಕಿ... ನಿರ್ದೇಶಕ ಯಶ್ ಚೋಪ್ರಾ ನಮಗೆಲ್ಲ ಪರಿಚಯ ಮಾಡಿಸಿದ ಸ್ವಿಟ್ಜರ್ಲೆಂಡ್ ಅದು. ಇಂಟರ್‌ಲಾಕನ್ ಊರಿನಲ್ಲಿ 2016ರಲ್ಲಿ ಅವರ ಪ್ರತಿಮೆಯೇ ಎದ್ದು ನಿಂತಿದೆ. ನಾನು ಹೋದದ್ದು ಆ ಕಡೆಗಲ್ಲ. ಫ್ರೆಂಚ್ ಮಾತಾಡುವ ಸೀಮೆಗೆ, ಜಿನೀವಾ ಸರೋವರದ ದಂಡೆಗೆ. ಅಲ್ಲಿ ಲೋಸಾನ್ ನಗರದ ಅಂಚಿನಿಂದ ಶಿಯೋಂ ಕೋಟೆಯವರೆಗೆ ಸುಮಾರು 30 ಕಿಲೋಮೀಟರ್ ಉದ್ದಕ್ಕೂ ದ್ರಾಕ್ಷಿ ತೋಟದ ಸೀಮೆ. ಲಾವೋ ಎಂದು ಅದರ ಹೆಸರು. ಕೆಳಗೆ ನೀರು, ನಡುವೆ ದ್ರಾಕ್ಷಿ, ನೀರಿನಾಚೆ ಆಲ್ಪ್ಸ್ ಪರ್ವತ. ಮೂರೂ ಒಂದೇ ಫ್ರೇಮಿನಲ್ಲಿ! ಛಾಯಾಗ್ರಾಹಕನಿಗೆ ಕೆಲಸವೇ ಇಲ್ಲ.

ನಮ್ಮ ಪುತ್ರರತ್ನ ಲೋಸಾನ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. 2024ರ ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಅವನಲ್ಲಿಗೆ ಹೋಗಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತಿರುವಾಗ, “ಅಪ್ಪಾ, ನಿಮ್ಮಿಬ್ಬರಿಗೂ ಮೂರು ದಿನದ ಸೈಕಲ್ ಪ್ರವಾಸ ಬುಕ್ ಮಾಡಿದ್ದೀನಿ” ಅಂದ.

“ದುಡ್ಡು ಕೊಟ್ಟು ಸೈಕಲ್ ತುಳಿಯೋದೇನೋ?” ಅಂದೆ.

“ಕೊನೇ ದಿನ ಚಾಪ್ಲಿನ್ ಮನೆ ಇದೆ ಅಪ್ಪಾ” ಅಂದ. ನನ್ನ ಬಾಯಿ ಮುಚ್ಚಿತು.

ಇದು ಶ್ರೀಮಂತರ ವಿನೋದ. ಮುಂದೆ ಒಬ್ಬಳು ಗೈಡ್ ಹುಡುಗಿ, ಹಿಂದೆ ಒಂದು ವ್ಯಾನು. ನಮ್ಮ ಪೆಟ್ಟಿಗೆಗಳು ವ್ಯಾನಿನಲ್ಲಿ ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ತಾವೇ ಹೋಗಿಬಿಡುತ್ತವೆ. ಮಧ್ಯಾಹ್ನ ಮರದ ನೆರಳಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ಸುಸ್ತಾದವರು ವ್ಯಾನ್ ಹತ್ತಬಹುದು. ಎಷ್ಟಾಯಿತೋ ಅಂದರೆ ಮಗ ಮಾತು ಹಾರಿಸಿದ. ಕೊನೆಗೆ ಅವನ ತಾಯಿಯೇ ಬಾಯಿ ಬಿಡಿಸಿದಳು. ಫ್ರಾಂಕಿನ ಲೆಕ್ಕದಲ್ಲೇ ನಾಲ್ಕಂಕಿ! ಆಗ ಒಂದು ಫ್ರಾಂಕ್ ಅಂದರೆ ಹೆಚ್ಚುಕಮ್ಮಿ ನಮ್ಮ ನೂರು ರೂಪಾಯಿ ಇತ್ತು. ಗುಣಾಕಾರ ತಾವೇ ಮಾಡಿಕೊಳ್ಳಿ. ನಾನು ಆ ರಾತ್ರಿ ಮಾಡಿಕೊಂಡು ನಿದ್ದೆಗೆಟ್ಟೆ.

ಡಬ್ಬ ಹೊತ್ತ ಹುಡುಗ

ಸೈಕಲ್ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಅದಕ್ಕೆ ಕಾರಣವೂ ಉಂಟು. 1979-80ರ ಸುಮಾರಿಗೆ ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಎರಡು ಟಾಕೀಸು, ಒಂದೇ ಪ್ರಿಂಟು. ಒಂದರಲ್ಲಿ ಆಟ ಶುರುವಾದ ಮುಕ್ಕಾಲು ಗಂಟೆಗೆ ಇನ್ನೊಂದರಲ್ಲಿ ಶುರು. ಇಲ್ಲಿ ಓಡಿ ಮುಗಿದ ರೀಲನ್ನು ತಗಡಿನ ಡಬ್ಬಕ್ಕೆ ಹಾಕಿ, ಕ್ಯಾರಿಯರ್‌ಗೆ ಹಗ್ಗ ಬಿಗಿದು ಅಲ್ಲಿಗೆ ಮುಟ್ಟಿಸುವ ಹುಡುಗ ಯಾರು? ನಾನೇ! ನಡುವೆ ಒಂದು ದಿಬ್ಬ. ತಡವಾಯಿತೋ, ಪರದೆ ಬಿಳಿ. ಪ್ರೇಕ್ಷಕ ಮಹಾಶಯರು ಸೀಟಿ ಹೊಡೆದು ನನ್ನ ಏಳು ತಲೆಮಾರನ್ನು ನೆನೆಯುತ್ತಿದ್ದರು. ಖಳನಾಯಕ ನಾಯಕಿಯ ಕತ್ತಿಗೆ ಚಾಕು ಹಿಡಿದ ಕಡೆ ರೀಲು ಮುಗಿದರೆ ಅವಳ ಪ್ರಾಣ ನನ್ನ ಕಾಲಲ್ಲಿ!

ಅದೇ ಟಾಕೀಸಿನಲ್ಲಿ ಒಂದು ಭಾನುವಾರ ಬೆಳಗಿನ ಆಟಕ್ಕೆ ‘ಮಾಡರ್ನ್ ಟೈಮ್ಸ್’ ಬಂತು. 1936ರ ಚಿತ್ರ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿದೆ. ದೊಡ್ಡ ದೊಡ್ಡ ಹಲ್ಲುಚಕ್ರಗಳ ಹೊಟ್ಟೆಯೊಳಗೆ ಹೋಗಿ ಸಿಕ್ಕಿಕೊಂಡ ಆ ಕುಳ್ಳ ಮನುಷ್ಯ ಅಲ್ಲಿಯೂ ಬೋಲ್ಟು ತಿರುಗಿಸುತ್ತಲೇ ಇದ್ದ. ನಕ್ಕೂ ನಕ್ಕೂ ಅಂದು ಡಬ್ಬ ತಡವಾಯಿತು. ಮಾಲೀಕರಿಂದ ಏಟೂ ಬಿತ್ತು. ಆ ಮನುಷ್ಯನ ಮನೆ ನೋಡಬೇಕು ಎಂಬ ಹುಚ್ಚು ಅಂದೇ ಹತ್ತಿದ್ದು. ಮುಂದೆ ಗಾಂಧಿನಗರಕ್ಕೆ ಬಂದೆ, ಪತ್ರಿಕೆಗಳಿಗೆ ಬರೆಯತೊಡಗಿದೆ, ಅಲ್ಲೇ ಉಳಿದೆ. ಹೆಂಡತಿ ಊರಲ್ಲೇ ಇದ್ದಳು. ಪ್ರೈಮರಿ ಸ್ಕೂಲ್ ಟೀಚರು. ನಾನು ತಿಂಗಳಿಗೊಂದು ಸಲ ಹೋಗಿಬರುತ್ತಿದ್ದೆ. ಅತಿಥಿ ನಟನ ಪಾತ್ರ!

ತುಳಿದರೆ ಮಾತ್ರ ಎಳೆಯುತ್ತೆ

ಮೊದಲ ದಿನ ಬೆಳಗ್ಗೆ ಲೋಸಾನ್‌ನ ದಂಡೆಯಲ್ಲಿ ಸೈಕಲ್ಲುಗಳನ್ನು ಕೊಟ್ಟರು. ನೋಡಲು ಸಾಧಾರಣ ಸೈಕಲ್ಲೇ. ಆದರೆ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ, ಇಪ್ಪತ್ತೈದು ಕಿಲೋ ತೂಕ! ಅಡ್ಡಪಟ್ಟಿಯೊಳಗೆ ಬ್ಯಾಟರಿ, ಪೆಡಲ್ ತಿರುಗುವ ಜಾಗದಲ್ಲಿ ಮೋಟಾರು. ಕಾಲು ಪೆಡಲನ್ನು ಎಷ್ಟು ಜೋರಾಗಿ ಒತ್ತುತ್ತಿದೆ ಎಂದು ಒಳಗಿರುವ ಒಂದು ಸಣ್ಣ ಯಂತ್ರ ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತದೆ. ಆ ಲೆಕ್ಕಕ್ಕೆ ಸರಿಯಾಗಿ ಮೋಟಾರು ತನ್ನ ಪಾಲಿನ ಬಲ ಸೇರಿಸುತ್ತದೆ. ನೀವು ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲಿಸುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದ ಮೇಲೆ ‘ಇನ್ನು ನಿನ್ನ ಪಾಡು ನೋಡಿಕೋ’ ಎಂದು ಕೈಬಿಡುತ್ತದೆ. ಹ್ಯಾಂಡಲ್ ಬಳಿಯ ಗುಂಡಿಯಿಂದ ಸಹಾಯವನ್ನು ಹೆಚ್ಚು, ಕಡಿಮೆ, ಪೂರಾ ಬಂದ್ ಮಾಡಿಕೊಳ್ಳಬಹುದು. ಹಗಲಲ್ಲೂ ದೀಪ ಉರಿಯಲೇಬೇಕು. 2022ರಿಂದ ಅಲ್ಲಿ ಅದೇ ಕಾನೂನು. ಡೈನಮೊ ಕೆಟ್ಟು ರಾತ್ರಿ ಪೊಲೀಸಿನವನಿಗೆ ಸಿಕ್ಕಿಬಿದ್ದು ಚಕ್ರದ ಗಾಳಿ ಬಿಡಿಸಿಕೊಂಡ ನನಗೆ ಇದೆಂಥಾ ವಿಚಿತ್ರ!

ಗೈಡ್ ಹುಡುಗಿ ನನ್ನಾಕೆಗೆ ಹೇಳಿಕೊಡಲು ಹೋದಳು. ಆಕೆ ಸೀರೆ ಬಿಟ್ಟು ಚೂಡಿದಾರ್ ತೊಟ್ಟಿದ್ದಳು. ಹೆಲ್ಮೆಟ್ ಬಿಗಿದು, ಒಂದು ಸಲ ಬ್ರೇಕು ಹಿಡಿದು ನೋಡಿ, ಹೊರಟೇಬಿಟ್ಟಳು! ನಾನು ಬಾಯಿ ಬಿಟ್ಟುಕೊಂಡು ನಿಂತೆ.

“ಇದು ನಮ್ಮ ಲೂನಾ ಕಣ್ರೀ!” ಎಂದು ಅಷ್ಟು ದೂರದಿಂದ ಕೂಗಿದಳು.

ಪೆಡಲಿದ್ದ ಆ ಲೂನಾ ಮೊಪೆಡ್ಡನ್ನು ತಾವು ಮರೆತಿರಲಾರಿರಿ. 1972ರಲ್ಲಿ ಪುಣೆಯಿಂದ ಬಂದದ್ದು, ಆಮೇಲೆ ಮಾಸ್ತರುಗಳು, ನರ್ಸಮ್ಮಂದಿರು, ಹಾಲಿನವರು ಎಲ್ಲರ ಮನೆಯಲ್ಲೂ ಕಂಡದ್ದು. ನನ್ನಾಕೆ 1988ರಿಂದ ಇಪ್ಪತ್ತು ವರ್ಷ, ದಿನಾ ಒಂಬತ್ತು ಕಿಲೋಮೀಟರ್ ಹೋಗಿ ಒಂಬತ್ತು ಬಂದದ್ದು ಅದರ ಮೇಲೇ. ಹಿಂದೆ ಮಗ, ಮುಂದೆ ತರಕಾರಿ ಚೀಲ. ಈ ವಿವರಗಳೆಲ್ಲ ನನಗೆ ಗೊತ್ತಿತ್ತು. ಆದರೆ ಗೊತ್ತಿತ್ತು, ಅಷ್ಟೇ.

ಏರಿನಲ್ಲಿ ಇಂಟರ್ವಲ್

ಲ್ಯುಟ್ರಿ, ಕ್ಯುಯಿ ಎಂಬ ನಾಲಿಗೆ ಹೊರಳದ ಹೆಸರಿನ ಪುಟ್ಟ ಪುಟ್ಟ ಊರುಗಳನ್ನು ದಾಟುವವರೆಗೆ ಎಲ್ಲ ಸುಖಾಂತ. ಅಲ್ಲಿಂದ ದಾರಿ ತೋಟಗಳ ನಡುವೆ ಮೇಲಕ್ಕೆ ತಿರುಗುತ್ತದೆ. ಸರೋವರ ಸಮುದ್ರಮಟ್ಟದಿಂದ 372 ಮೀಟರ್ ಎತ್ತರದಲ್ಲಿದ್ದರೆ, ನಾವು ಮುಟ್ಟಬೇಕಾದ ಶೆಬ್ರ್ ಗ್ರಾಮ ಅದಕ್ಕೂ ಸುಮಾರು 200 ಮೀಟರ್ ಮೇಲೆ. ಎಲ್ಲರೂ ಗುಂಡಿ ಒತ್ತಿ ಸಹಾಯ ಹೆಚ್ಚಿಸಿಕೊಂಡರು. ನಾನು? ಗುಟ್ಟಾಗಿ ಪೂರಾ ಬಂದ್ ಮಾಡಿದೆ! ಡಬ್ಬ ಹೊತ್ತವನಿಗೆ ಬ್ಯಾಟರಿ ಭಿಕ್ಷೆಯೇ?

ನೂರು ಗಜ ಹೋದೆ. ಇನ್ನೂರು ಹೋದೆ. ಇಪ್ಪತ್ತೈದು ಕಿಲೋ ಕಬ್ಬಿಣ ಹಿಂದಕ್ಕೆ ಜಗ್ಗತೊಡಗಿತು. ಮೂರನೆಯ ತಿರುವಿನಲ್ಲಿ ಎಡ ಮಂಡಿಯೊಳಗೆ ‘ಕಟಕ್’ ಅಂದಿತು. ಸೈಕಲ್ ಸಮೇತ ಪಕ್ಕದ ಕಲ್ಲುಗೋಡೆಗೆ ಒರಗಿದೆ. ಕಣ್ಣಲ್ಲಿ ನೀರು. ನೋವಿಗೆ ಅರ್ಧ, ನಾಚಿಕೆಗೆ ಅರ್ಧ. ಕೆಳಗೆ ಸರೋವರ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಆದರೆ ನೋಡುವ ಮನಸ್ಸು ಯಾರಿಗಿತ್ತು?

ಮೇಲಿನಿಂದ ನನ್ನಾಕೆ ಇಳಿದು ಬಂದಳು. ಹ್ಯಾಂಡಲಿನ ಗುಂಡಿ ನೋಡಿದಳು. ಎಲ್ಲ ಅರ್ಥವಾಯಿತು.

“ಯಾಕ್ರೀ ಬಂದ್ ಮಾಡಿದ್ರಿ?”

ನಾನು ಮಾತಾಡಲಿಲ್ಲ.

“ನಮ್ಮ ಸ್ಕೂಲ್ ದಾರೀಲಿ ಒಂದು ಏರಿತ್ತು. ಲೂನಾ ಒಂದೇ ಎಳೀತಿರಲಿಲ್ಲ. ನಾನೂ ತುಳೀತಿದ್ದೆ, ಅದೂ ಎಳೀತಿತ್ತು. ಹೊಟ್ಟೇಲಿ ಮಗು ಇದ್ದಾಗ್ಲೂ ತುಳಿದಿದ್ದೀನಿ. ಅದ್ರಲ್ಲಿ ಅವಮಾನ ಏನು ಬಂತು?” ಸ್ವಲ್ಪ ತಡೆದು, “ನೀವು ಆ ದಾರಿ ನೋಡೇ ಇಲ್ಲ ಅಲ್ವಾ?” ಅಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಹಾಗೇ ಕೇಳಿದ್ದು. ಇಪ್ಪತ್ತು ವರ್ಷದಲ್ಲಿ ನಾನು ಆ ದಾರಿಯಲ್ಲಿ ಒಂದು ಸಲವೂ ಹೋಗಿರಲಿಲ್ಲ.

ಬಾಗಿ ಅವಳೇ ಗುಂಡಿ ಒತ್ತಿದಳು. ಹತ್ತಿ ತುಳಿದೆ. ಬೆನ್ನಿಗೆ ಯಾರೋ ಹಿರಿಯರು ಅಂಗೈ ಇಟ್ಟು ಮೆಲ್ಲಗೆ ನೂಕಿದ ಹಾಗಾಯಿತು. ಮಂಡಿ ಸುಮ್ಮನಾಯಿತು.

ಕುಡಿಯದವನ ದ್ರಾಕ್ಷಿ ಕಥೆ

ಈಗ ಕಣ್ಣು ಬಿಟ್ಟು ನೋಡಿದೆ. ಕಡಿದಾದ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಕಲ್ಲುಗೋಡೆ ಕಟ್ಟಿ, ಆ ಪಟ್ಟಿಗಳಲ್ಲಿ ದ್ರಾಕ್ಷಿ. ಇವನ್ನು ಕಟ್ಟಲು ಶುರುಮಾಡಿದವರು ಹನ್ನೊಂದು-ಹನ್ನೆರಡನೆಯ ಶತಮಾನದ ಕ್ರೈಸ್ತ ಸನ್ಯಾಸಿಗಳು. ಇಲ್ಲಿಯವರು ತಮ್ಮ ದ್ರಾಕ್ಷಿಗೆ ಮೂರು ಸೂರ್ಯರು ಅನ್ನುತ್ತಾರೆ. ಆಕಾಶದ್ದು ಒಂದು, ನೀರಿನಲ್ಲಿ ಮಿಂಚಿ ಮೇಲೆ ಬೀಳುವುದು ಇನ್ನೊಂದು, ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುವ ಕಲ್ಲುಗೋಡೆ ಮೂರನೆಯದು. ಬೆಳೆಯುವುದು ಹೆಚ್ಚಾಗಿ ಶಸ್ಲಾ ಎಂಬ ಬಿಳಿ ದ್ರಾಕ್ಷಿ. ನಮ್ಮ ನಂದಿ ಬೆಟ್ಟದ ತಪ್ಪಲಿನ ಹಾಗೆ ಚಪ್ಪರಕ್ಕೆ ಹಬ್ಬಿಸುವುದಿಲ್ಲ. ಸೊಂಟದೆತ್ತರದ ಸಾಲು. ಟ್ರ್ಯಾಕ್ಟರ್ ಹೋಗದ ಕಡೆ ಒಂದೇ ಕಂಬಿಯ ಮೇಲೆ ಏರುವ ಪುಟಾಣಿ ಗಾಡಿಯಲ್ಲಿ ಗೊನೆಗಳನ್ನು ಸಾಗಿಸುತ್ತಾರೆ.

ಒಂದು ನೆಲಮಾಳಿಗೆಯಲ್ಲಿ ರುಚಿ ನೋಡುವ ಶಾಸ್ತ್ರ. ಅಲ್ಲಿ ಸೈಕಲ್ ಸವಾರನ ರಕ್ತಕ್ಕೂ ಕಾರು ಹೊಡೆಯುವವನಷ್ಟೇ ಮಿತಿ. ಕುಡಿದು ಸೈಕಲ್ ಹೊಡೆದರೂ ಕೇಸು! ಅದಕ್ಕೇ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಪಾತ್ರೆಗೆ ಉಗುಳುವ ಪದ್ಧತಿ. ಅಷ್ಟು ದುಡ್ಡು ಕೊಟ್ಟು ಉಗುಳುವುದೇ? ನಾನು ಕುಡಿಯುವವನಲ್ಲ, ದ್ರಾಕ್ಷಿ ಹಣ್ಣೇ ತಿಂದೆ. ನನ್ನಾಕೆ ಒಂದು ಗುಟುಕು ಬಾಯಿಗಿಟ್ಟು, “ಹುಳಿ” ಎಂದು ತೀರ್ಪು ಕೊಟ್ಟಳು.

ಅಲ್ಲಿ ಕೇಳಿದ ಸಂಗತಿಯೊಂದನ್ನು ಹೇಳಲೇಬೇಕು. ಈ ತೋಟಗಳ ಜಾಗವನ್ನೂ ಸೈಟು ಮಾಡಿ ಮನೆ ಕಟ್ಟುವ ಕಾಲ ಬಂದಿತ್ತಂತೆ. ಫ್ರಾಂಜ್ ವೇಬರ್ ಎಂಬ ಪರಿಸರವಾದಿ ಲಾವೋ ಉಳಿಸಿ ಎಂದು ಎದ್ದು ನಿಂತ. 1977ರಲ್ಲಿ ಆ ಪ್ರಾಂತದ ಜನರೇ ವೋಟು ಹಾಕಿ ತೋಟ ಮುಟ್ಟಕೂಡದೆಂದು ತಮ್ಮ ಸಂವಿಧಾನದಲ್ಲೇ ಬರೆಸಿದರು. 2005ರಲ್ಲಿ ಮತ್ತೆ ವೋಟು, ಮತ್ತೆ ಅದೇ ತೀರ್ಪು. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಮ್ಮ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೂ 2013ರಲ್ಲಿ ಸರ್ಕಾರದ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಮುದ್ರೆಯೇನೋ ಸರಿ, ದೇವನಹಳ್ಳಿ ದಾರಿಯಲ್ಲಿ ಚಪ್ಪರಗಳಿಗಿಂತ ಲೇಔಟಿನ ಕಮಾನುಗಳೇ ಹೆಚ್ಚು ಕಾಣುತ್ತವಲ್ಲ ಸ್ವಾಮಿ!

ಎರಡನೆಯ ದಿನದ ಬೆಟ್ಟ-ರೈಲು-ಗಿಣ್ಣಿನ ಕಥೆ ಇಲ್ಲಿ ಬೇಡ. ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ (1995) ನೋಡಿದವರಿಗೆ ಆ ಹಸಿರು ಗೊತ್ತೇ ಇದೆ.

ಎರಡು ಸಮಾಧಿ

ಮೂರನೆಯ ದಿನ! ವೆವೆ ಪಟ್ಟಣದ ದಂಡೆಯಲ್ಲಿ ಟೋಪಿ, ಕೋಲು ಹಿಡಿದ ಚಾಪ್ಲಿನ್ ಪ್ರತಿಮೆ. ಅಲ್ಲಿಂದ ಮೇಲೇರಿದರೆ ಕೊರ್ಸಿಯೆ. ಈ ಸಲ ಗುಂಡಿಯನ್ನು ಮೊದಲೇ ಒತ್ತಿಕೊಂಡೆ.

1952ರ ಸೆಪ್ಟೆಂಬರ್‌ನಲ್ಲಿ ಚಾಪ್ಲಿನ್ ಕುಟುಂಬ ಸಮೇತ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾಗ, ಆತ ಮರಳಿ ಬರಲು ಇದ್ದ ಪರವಾನಗಿಯನ್ನು ಅಮೆರಿಕ ಸರ್ಕಾರ ರದ್ದು ಮಾಡಿತು. ನಡುನೀರಿನಲ್ಲಿ ಮನೆ ಕಳೆದುಕೊಂಡವನು 1953ರಲ್ಲಿ ಬಂದು ನೆಲೆಸಿದ್ದು ಇಲ್ಲಿ. 1977ರ ಕ್ರಿಸ್‌ಮಸ್ ದಿನ ಕಣ್ಣು ಮುಚ್ಚುವವರೆಗೂ ಇದೇ ಮನೆ. 2016ರಿಂದ ಅದು ವಸ್ತುಸಂಗ್ರಹಾಲಯ. ಒಳಗೆ ‘ಮಾಡರ್ನ್ ಟೈಮ್ಸ್’ನ ಹಲ್ಲುಚಕ್ರಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನೋಡುತ್ತ ಎಷ್ಟು ಹೊತ್ತು ನಿಂತೆನೋ, ಕಾವಲಿನವನು ಬಂದು ಕ್ಷೇಮ ವಿಚಾರಿಸಿದ!

ಆಮೇಲೆ ಹಳ್ಳಿಯ ಸ್ಮಶಾನಕ್ಕೆ ಹೋದೆವು. ಆಡಂಬರವಿಲ್ಲದ ಕಲ್ಲು. ಓದುಗರಿಗೆ ನೆನಪಿರಬಹುದು, 1978ರ ಮಾರ್ಚ್‌ನಲ್ಲಿ ಈ ಗೋರಿ ಅಗೆದು ಶವಪೆಟ್ಟಿಗೆಯನ್ನೇ ಕದ್ದಿದ್ದರು! ಹಣ ಕೇಳಿ ಫೋನ್ ಮಾಡಿದರು. ಚಾಪ್ಲಿನ್ ಪತ್ನಿ ಕೊಡಲು ಒಪ್ಪಲಿಲ್ಲ. ಪೊಲೀಸರು ಫೋನಿನ ಜಾಡು ಹಿಡಿದು ಇಬ್ಬರು ಮೆಕ್ಯಾನಿಕ್‌ಗಳನ್ನು ಹಿಡಿದರು. ಮೇ ತಿಂಗಳಲ್ಲಿ ಒಂದು ಹೊಲದಲ್ಲಿ ಹೂತಿದ್ದ ಪೆಟ್ಟಿಗೆ ಸಿಕ್ಕಿತು. ಈಗ ಮೇಲೆ ಕಾಂಕ್ರೀಟು.

ನಾನು ಇದನ್ನೆಲ್ಲ ಕೈ ಬೀಸಿ ವರ್ಣಿಸುತ್ತಿದ್ದರೆ ನನ್ನಾಕೆ ಪಕ್ಕದ ಕಲ್ಲು ನೋಡುತ್ತಿದ್ದಳು.

“ಇವರು ಯಾರ್ರೀ?”

“ಊನಾ. ಅವರ ಹೆಂಡತಿ. 1991ರಲ್ಲಿ ತೀರಿಕೊಂಡರು.”

ಹೇಳು ಅಂದಳು, ಹೇಳಿದೆ. ನಾಟಕಕಾರ ಯುಜೀನ್ ಓನೀಲ್ ಮಗಳು. 1943ರಲ್ಲಿ ಮದುವೆಯಾದಾಗ ಆಕೆಗೆ 18, ಆತನಿಗೆ 54. ಎಂಟು ಮಕ್ಕಳು. ಗಂಡನಿಗೆ ಅಮೆರಿಕದ ಬಾಗಿಲು ಮುಚ್ಚಿದಾಗ, ಒಬ್ಬಳೇ ವಾಪಸು ಹಾಲಿವುಡ್ಡಿಗೆ ಹೋಗಿ ಆಸ್ತಿ, ಹಣವನ್ನೆಲ್ಲ ಬಿಡಿಸಿ ತಂದವಳು ಈಕೆಯೇ. ಆಮೇಲೆ ತನ್ನ ಅಮೆರಿಕನ್ ಪೌರತ್ವವನ್ನೂ ಬಿಟ್ಟುಕೊಟ್ಟಳು.

“ನೀವು ಚಾಪ್ಲಿನ್ ಬಗ್ಗೆ ಪತ್ರಿಕೇಲಿ ಎಷ್ಟು ಸಲ ಬರೆದಿರಬಹುದು?”

“ಏಳೆಂಟು ಸಲ.”

“ಅದ್ರಲ್ಲಿ ಈ ವಿಷಯ ಬರೆದಿದ್ರಾ?”

ಬರೆದಿರಲಿಲ್ಲ. ಶವಪೆಟ್ಟಿಗೆ ಕಳ್ಳತನದ ಬಗ್ಗೆಯೇ ಮೂರು ಸಲ ಬರೆದಿದ್ದೆ. ಅವಳು ಮತ್ತೇನೂ ಕೇಳಲಿಲ್ಲ. ದಾರಿಯಲ್ಲಿ ಕಿತ್ತು ಬುಟ್ಟಿಯಲ್ಲಿಟ್ಟುಕೊಂಡಿದ್ದ ಕಾಡುಹೂವನ್ನು ಎರಡು ಕಲ್ಲಿಗೂ ಸಮನಾಗಿ ಹಂಚಿ ಇಟ್ಟಳು.

ತಮಗೂ ಆಸೆಯಾಯಿತೇ? ಗೈಡು, ವ್ಯಾನು, ಬಿಳಿ ಬಟ್ಟೆಯ ಮೇಜು ಇಲ್ಲದೆಯೂ ಆಗುತ್ತದೆ. ಇಂಥ ಸೈಕಲ್ಲು ದಿನಬಾಡಿಗೆಗೆ ಸಿಗುತ್ತದೆ, ತೋಟದ ದಾರಿಗೆ ಟಿಕೆಟ್ಟಿಲ್ಲ. ಸುಸ್ತಾದರೆ ದಂಡೆಯುದ್ದಕ್ಕೂ ರೈಲಿದೆ. ಆ ಮೇಜಿನ ಮೇಲಿನ ಊಟಕ್ಕಿಂತ ನನ್ನಾಕೆ ಮನೆಯಿಂದ ಕಟ್ಟಿ ತಂದಿದ್ದ ಚಪಾತಿ-ಚಟ್ನಿಪುಡಿ ನೂರು ಪಾಲು ಮೇಲು. ಗೈಡ್ ಹುಡುಗಿಯೂ ಎರಡು ಚಪಾತಿ ಕೇಳಿ ತಿಂದಳು.

ಈ ಲೇಖನದ ಜೊತೆಗೆ ಸಂಪಾದಕರು ನನ್ನದೊಂದು ಭಾವಚಿತ್ರ ಕೇಳಿದ್ದರು. ಇರುವುದೆಲ್ಲ ಹಿಂದಿನಿಂದ ನಾನೇ ತೆಗೆದವು. ಹಳದಿ ಹೆಲ್ಮೆಟ್ಟು, ಗಾಳಿಗೆ ಹಾರುವ ದುಪಟ್ಟಾ, ಅದರಾಚೆ ಸರೋವರ. ಅದನ್ನೇ ಕಳಿಸಿದ್ದೇನೆ.

ಊರಿಗೆ ಬಂದ ಮೇಲೆ ಒಂದು ದಿನ ಅರಸೀಕೆರೆಯಲ್ಲಿ ಆಟೋ ಮಾಡಿಕೊಂಡು ಇಬ್ಬರೂ ಆ ಒಂಬತ್ತು ಕಿಲೋಮೀಟರ್ ಹೋಗಿಬಂದೆವು. ಏರಿನಲ್ಲಿ ಆಟೋ ಮೊದಲನೇ ಗೇರಿಗೆ ಇಳಿಯಿತು. ಅವಳು ಹೇಳಿದ್ದಕ್ಕಿಂತ ಕಡಿದಾಗಿತ್ತು.