ದೆಹಲಿಯ ಮಣ್ಣಿಗೆ ಬೂದಿ ಬೇಡ, ಗೊಬ್ಬರ ಬೇಕು



ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್, ಫರೀದಾಬಾದ್‌ಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಕುಂಡ ಕರಿಬೇವಾದರೂ ಇರುತ್ತದೆ. ಊರಿನಲ್ಲಿ ಹಿತ್ತಲ ಮೂಲೆಯಲ್ಲಿ ತಾನಾಗಿ ಬೆಳೆಯುವ ಗಿಡ ಇಲ್ಲಿ ಎಷ್ಟು ಆರೈಕೆ ಮಾಡಿದರೂ ಹಳದಿಯಾಗುತ್ತದೆ ಎಂಬುದು ಹಲವರ ದೂರು. ತಪ್ಪು ಗಿಡದ್ದಲ್ಲ, ಮಣ್ಣಿನದು. ಆ ಮಣ್ಣಿಗೆ ಬೇಕಾದ ಆಹಾರವನ್ನು ನಾವೇ ದಿನವೂ ನಮ್ಮ ಅಡುಗೆಮನೆಗಳಿಂದ ಕಸದ ಗಾಡಿಗೆ ಹಾಕುತ್ತಿದ್ದೇವೆ.

ಊರಿನ ಮಣ್ಣು ಬೇರೆ, ಇಲ್ಲಿಯ ಮಣ್ಣು ಬೇರೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಹೆಚ್ಚು. ಮಳೆನೀರು ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ಅಲ್ಲಿಯ ಕೆಂಪು ಮಣ್ಣು ಹುಳಿ. ಅದಕ್ಕೇ ನಮ್ಮ ಹಿರಿಯರು ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಬೂದಿ ಕ್ಷಾರ ಗುಣದ್ದು, ಹುಳಿಯನ್ನು ತಗ್ಗಿಸುತ್ತದೆ.

ದೆಹಲಿಯ ಮಣ್ಣು ಹೆಚ್ಚಾಗಿ ಯಮುನೆ ತಂದು ಹಾಕಿದ ಮೆಕ್ಕಲು ಮಣ್ಣು. ಇಲ್ಲಿ ಮಳೆ ಕಡಿಮೆ, ಬಿಸಿಲು ವಿಪರೀತ. ಮಣ್ಣು ಮೊದಲೇ ಕ್ಷಾರದ ಕಡೆಗಿದೆ, ಕೊಳೆತ ಎಲೆ-ಕಸದ ಅಂಶವೂ ಕಡಿಮೆ. ಇಂತಹ ಮಣ್ಣಿಗೆ ತಂದೂರಿನ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಊರಿನಲ್ಲಿ ಒಳ್ಳೆಯದಾದ ಪದ್ಧತಿ ಇಲ್ಲಿ ಕೆಡುಕು ಮಾಡುವುದು ಹೀಗೆ.

ಮಣ್ಣಿನಲ್ಲಿ ಸುಣ್ಣ ಇದೆಯೇ ಎಂದು ನೋಡಲು ಒಣ ಮಣ್ಣಿನ ಮೇಲೆ ಒಂದು ಚಮಚ ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣ ಇದೆ ಎಂದು ತಿಳಿಯಿರಿ.

ಯಾವುದನ್ನು ಹಾಕಬೇಕು, ಯಾವುದನ್ನು ಹಾಕಬಾರದು

ಹಾಕಬಹುದಾದವು:

1. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ, ಬಾಳೆಎಲೆಯ ತುಂಡು.
2. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಮತ್ತು ಚಹಾ ಚರಟ (ಹಾಲು, ಸಕ್ಕರೆ ಬೆರೆಯದ್ದು). ಇದರಲ್ಲಿ ಸಾರಜನಕ ಚೆನ್ನಾಗಿದೆ.
3. ತೆಂಗಿನಕಾಯಿಯ ಜುಟ್ಟು ಮತ್ತು ನಾರು, ನೆನೆಸಿ ಹಿಂಡಿದ ಮೇಲೆ. ಇದು ನೀರನ್ನು ಹಿಡಿದಿಡುತ್ತದೆ. ಕರಟ ಮಾತ್ರ ಬೇಡ, ಅದು ವರ್ಷಗಟ್ಟಲೆ ಕರಗುವುದಿಲ್ಲ.
4. ಅಕ್ಕಚ್ಚು. ಇದನ್ನು ನೇರವಾಗಿ ಗಿಡಕ್ಕೆ ಹಾಕಬಹುದು.

ಹಾಕಬಾರದವು: ಉಳಿದ ಸಾಂಬಾರು, ಪಲ್ಯ, ಉಪ್ಪಿನಕಾಯಿ, ಕರಿದ ಪದಾರ್ಥ. ಉಪ್ಪು ಸೇರಿದರೆ ಮಣ್ಣು ಒಡೆದು, ನೀರು ಒಳಗಿಳಿಯದಂತೆ ಮೇಲೆ ಹೆಪ್ಪುಗಟ್ಟುತ್ತದೆ. ಎಣ್ಣೆ ಇದ್ದಲ್ಲಿ ಗಾಳಿ ಆಡದೆ ವಾಸನೆ ಬರುತ್ತದೆ, ಇಲಿ ಸೇರುತ್ತವೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ ಗಿಡಕ್ಕೆ ಹಾಕಬೇಡಿ. ಅದರಲ್ಲಿ ಲವಣ ಹೆಚ್ಚು, ನೆಲ ಒರೆಸಲು ಬಳಸಿ.

ಗೊಬ್ಬರ ಮಾಡುವ ಎರಡು ದಾರಿ

ಮಧ್ಯಪ್ರದೇಶದ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ವಿಜ್ಞಾನಿ ರೂಪಿಸಿದ್ದು, ಕಸವನ್ನು ಆಗಾಗ ತಿರುವಿ ಗಾಳಿ ಕೊಡುವ ಪದ್ಧತಿ. ಇನ್ನೊಂದು ನಮ್ಮ ಬೆಂಗಳೂರಿನದು. ಅಲ್ಲಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಡಾ. ಸಿ.ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಈ ಪದ್ಧತಿ ಕೃಷಿ ಪುಸ್ತಕಗಳಲ್ಲಿ ಇಂದಿಗೂ 'ಬೆಂಗಳೂರು ಪದ್ಧತಿ' ಎಂದೇ ಹೆಸರಾಗಿದೆ. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮಣ್ಣು ಮುಚ್ಚಿ ಬಿಡುವುದು ಅದರ ಕ್ರಮ. ತಿರುವುವ ಕೆಲಸವಿಲ್ಲ, ಆದರೆ 6ರಿಂದ 8 ತಿಂಗಳು ಕಾಯಬೇಕು.

ಮನೆಯ ಹಿಂದೆ ನೆಲ ಇರುವವರು ಗುಂಡಿ ತೆಗೆದು ತರಕಾರಿ ಕಸ, ಒಣ ಎಲೆಗಳನ್ನು ಇದೇ ರೀತಿ ಪದರವಾಗಿ ಹಾಕಿ ಮುಚ್ಚಬಹುದು. ತಾರಸಿ ಮಾತ್ರ ಇರುವವರಿಗೆ ಡ್ರಮ್ಮೇ ಸರಿ. ತಳಕ್ಕೂ ಸುತ್ತಲೂ ತೂತು ಮಾಡಿ, ಅಡಿಯಲ್ಲಿ ನಾಲ್ಕು ಅಂಗುಲ ಒಣ ಎಲೆ ಹಾಕಿ. ಮೇಲೆ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ, ನಡುವೆ ಒಂದೆರಡು ಹಿಡಿ ಹಳೆಯ ಗೊಬ್ಬರ. ವಾರಕ್ಕೊಮ್ಮೆ ತಿರುವಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ನೀರು ಬರುವಷ್ಟು ಪಸೆ ಇರಲಿ. ವಾಸನೆ ಬಂದರೆ ಒಣ ಎಲೆ ಸೇರಿಸಿ, ಇರುವೆ ಬಂದರೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಎರಡು ಮೂರು ತಿಂಗಳಲ್ಲಿ ಕಪ್ಪು ಪುಡಿಯಾಗುತ್ತದೆ, ಚಳಿಗಾಲದಲ್ಲಿ ತಡವಾಗುತ್ತದೆ.

ಒಣ ಎಲೆಗೆ ಕೊರತೆಯಿಲ್ಲ. ಇಲ್ಲಿಯ ಬೇವಿನ ಮರಗಳು ಫೆಬ್ರವರಿ-ಮಾರ್ಚಿನಲ್ಲಿ ರಸ್ತೆ ತುಂಬ ಎಲೆ ಉದುರಿಸುತ್ತವೆ. ಆಗಲೇ ಗೋಣಿಚೀಲಗಳಲ್ಲಿ ತುಂಬಿಟ್ಟುಕೊಳ್ಳಿ. ಎಲೆ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ನಿಷೇಧಿಸಿದೆ.

ಬಳಸುವ ಕ್ರಮ

ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಅರ್ಧ ಪಾಲು ತೆಂಗಿನ ನಾರಿನ ಪುಡಿ. ನೆಲದ ಪಾತಿಗೆ ಎರಡು ಅಂಗುಲ ಗೊಬ್ಬರ ಹರಡಿ, ಮೇಲಿನ ಆರು ಅಂಗುಲ ಮಣ್ಣಿನಲ್ಲಿ ಬೆರೆಸಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೀಗೆ ಮಾಡಿದರೆ ಚಳಿಗಾಲಕ್ಕೆ ಕೊತ್ತಂಬರಿ, ಮೆಂತ್ಯ, ಪಾಲಕ್ ಚೆನ್ನಾಗಿ ಬರುತ್ತವೆ. ಕರಿಬೇವು ತುಂಬಾ ಹಳದಿಯಾಗಿದ್ದರೆ, ಫೆರಸ್ ಸಲ್ಫೇಟ್ ಎಂದು ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಇದು ತಾತ್ಕಾಲಿಕ ಮದ್ದು. ಮಣ್ಣಿಗೆ ಮದ್ದು ಗೊಬ್ಬರವೇ, ಅದನ್ನು ವರ್ಷಕ್ಕೆರಡು ಸಲ ಹಾಕುತ್ತಿರಬೇಕು.

ಇದು ಕೈತೋಟದ ಮಾತಷ್ಟೇ ಅಲ್ಲ

2016ರ ಘನತ್ಯಾಜ್ಯ ನಿಯಮವೇ ಹೋಟೆಲುಗಳು ಹಸಿ ಕಸವನ್ನು ಬೇರ್ಪಡಿಸಬೇಕೆಂದು ಹೇಳಿತ್ತು. ಬೆರೆತ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಾಜೀಪುರದ ಕಡೆ ಹೋದವರೆಲ್ಲ ನೋಡಿದ್ದಾರೆ. 2017ರ ಸೆಪ್ಟೆಂಬರ್ 1ರಂದು ಆ ಕಸದ ಗುಡ್ಡ ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು. ಅನ್ನ ಬಡಿಸುವ ಉದ್ದಿಮೆಯವರಾದ ನಮ್ಮ ಅಡುಗೆಮನೆಯ ಸಿಪ್ಪೆ ಅಂತಹ ಗುಡ್ಡಕ್ಕೆ ಸೇರಬಾರದು.

ಎಲ್ಲ ಕಸವನ್ನೂ ನಾವೇ ಗೊಬ್ಬರ ಮಾಡುವುದು ಸಾಧ್ಯವಿಲ್ಲ. ಆದರೆ ತರಕಾರಿ ಹೆಚ್ಚುವ ಜಾಗದಲ್ಲಿ ಸಿಪ್ಪೆಗೆಂದೇ ಒಂದು ಬುಟ್ಟಿ, ಕಾಫಿ ಚರಟಕ್ಕೆ ಒಂದು ಡಬ್ಬ ಇಟ್ಟು ಹುಡುಗರಿಗೆ ತಿಳಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಸದಸ್ಯರೆಲ್ಲರೂ ಒಂದು ಡ್ರಮ್ಮಿನಿಂದ ಆರಂಭಿಸಬೇಕೆಂದು ನಮ್ಮ ಕೋರಿಕೆ.